ಕೊಳಚೆ ನಿಲ್ಲಿಸಿ ಮೂರು ವರ್ಷವಾಯಿತು, ಕೆರೆ ಇನ್ನೂ ಹಸಿರು: ಇದಕ್ಕೆ ಗಣಿತ ಇದೆಯಾ?

ಕೆರೆಯೇರಿ:

ನಮ್ಮೂರ ಪಕ್ಕ ಒಂದು ಕೆರೆ ಇದೆ. ಮಧ್ಯದಲ್ಲೂ ಒಂದಾಳು, ಒಂದೂವರೆ ಆಳು ನೀರು, ಅಷ್ಟೇ. ನಾನು ಚಿಕ್ಕವನಿದ್ದಾಗ ಮೆಟ್ಟಿಲ ಮೇಲೆ ಕೂತರೆ ನೀರೊಳಗಿನ ಗಿಡಗಳ ನಡುವೆ ಮೀನು ಓಡಾಡುವುದು ಕಾಣುತ್ತಿತ್ತು. ಆಮೇಲೆ ಮೇಲ್ಗಡೆ ಲೇಔಟ್ ಬಂತು, ಅಲ್ಲಿನ ಮನೆಗಳ ಕೊಳಚೆ ಕಾಲುವೆಯಲ್ಲಿ ಹರಿದು ಕೆರೆಗೆ ಸೇರತೊಡಗಿತು.

ನನಗೆ ಅರ್ಥವಾಗದ ಮೊದಲ ವಿಷಯ ಇಲ್ಲೇ ಇದೆ. ಸುಮಾರು ಹತ್ತು ವರ್ಷ ಕೊಳಚೆ ಬಂದರೂ ನೀರು ಹೆಚ್ಚು ಕಡಿಮೆ ತಿಳಿಯಾಗಿಯೇ ಇತ್ತು. ವರ್ಷ ವರ್ಷ ಮನೆ ಜಾಸ್ತಿಯಾದವು, ಕೊಳಚೆ ಜಾಸ್ತಿಯಾಯಿತು, ಕೆರೆ ಮಾತ್ರ ತಡೆದುಕೊಂಡಿತ್ತು. ಆಮೇಲೆ ಒಂದೇ ವರ್ಷದಲ್ಲಿ ಎಲ್ಲ ತಿರುಗಿತು. ಬೇಸಿಗೆಯಲ್ಲಿ ನಾವೇ ಊರಿನವರು ಸೇರಿ ಕೆರೆ ಸ್ವಚ್ಛ ಮಾಡೋಣ ಅಂತ ಜೆಸಿಬಿ ತರಿಸಿ ನೀರೊಳಗಿನ ಗಿಡವನ್ನೆಲ್ಲ ಕಿತ್ತು ದಡಕ್ಕೆ ಹಾಕಿದೆವು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ನೀರು ಅವರೆ ಸೊಪ್ಪು ರುಬ್ಬಿದ ಹಾಗೆ ಹಸಿರು. ಆಮೇಲೆ ಹೋರಾಟ ಮಾಡಿ, ಅರ್ಜಿ ಕೊಟ್ಟು, ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸಿದ್ದಾಯಿತು. ಮೂರು ವರ್ಷವಾಯಿತು. ನೀರು ಇನ್ನೂ ಹಾಗೇ ಬಗ್ಗಡ.

ಕಾರಣ ನಿಧಾನವಾಗಿ ಬೆಳೆಯಿತು, ಪರಿಣಾಮ ದಿಢೀರ್ ಅಂತ ಬಂತು. ಕಾರಣ ಹೋಯಿತು, ಪರಿಣಾಮ ಹೋಗಲಿಲ್ಲ. ಶಾಲೆಯಲ್ಲಿ ಕಲಿತ ಗಣಿತದಲ್ಲಿ ಗ್ರಾಫ್ ಅಂದರೆ ಒಂದೇ ಗೆರೆ, ಹೋದ ದಾರಿಯಲ್ಲೇ ವಾಪಸ್ ಬರಬಹುದು. ಹೀಗೆ ಜಿಗಿಯುವ, ಜಿಗಿದ ಮೇಲೆ ಹಿಂದಕ್ಕೆ ಬರದ ವಿಷಯಗಳಿಗೆ ಗಣಿತ ಇದೆಯಾ? ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೇನೆ, ಸಮೀಕರಣ ಬರೆದರೆ ಹೆದರುವುದಿಲ್ಲ.

ಲೆಕ್ಕದಮೇಷ್ಟ್ರು:

ಇದೆ ಸರ್. ತುಂಬ ಚೆನ್ನಾಗಿ ಇದೆ.

ಮೊದಲು ಛತ್ರಿಯನ್ನು ನೆನಪಿಸಿಕೊಳ್ಳಿ. ಗಾಳಿ ನಿಧಾನವಾಗಿ ಜೋರಾಗುತ್ತಾ ಹೋಗುತ್ತದೆ, ಛತ್ರಿ ಸ್ವಲ್ಪ ಸ್ವಲ್ಪವೇ ಬಾಗುತ್ತದೆ, ಒಂದು ಹಂತದಲ್ಲಿ ಫಟ್ ಅಂತ ಮಗುಚಿಕೊಳ್ಳುತ್ತದೆ. ಈಗ ಗಾಳಿ ನಿಂತಿತು. ಛತ್ರಿ ತಾನಾಗಿ ಸರಿಯಾಯಿತಾ? ಇಲ್ಲ. ಗಾಳಿಯ ವಿರುದ್ಧ ದಿಕ್ಕಿನಲ್ಲಿ ನೀವು ಕೈಯಿಂದ ಎಳೆಯಬೇಕು. ನಿಮ್ಮ ಕೆರೆಯ ಕತೆಯೂ ಇದೇ ಜಾತಿಯದು ಅಂತ ನನಗೆ ಅನಿಸುತ್ತದೆ.

ಈಗ ಲೆಕ್ಕ. ನೀರಿನ ತಿಳಿತನವನ್ನು ತ ಅನ್ನೋಣ, ಕೊಳಚೆಯ ಒತ್ತಡವನ್ನು ಕ ಅನ್ನೋಣ. ತ ಸೊನ್ನೆಗಿಂತ ಮೇಲೆ ಇದ್ದರೆ ತಿಳಿ, ಕೆಳಗೆ ಇದ್ದರೆ ಬಗ್ಗಡ. ಕೆರೆ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಅನ್ನುವುದನ್ನು ಈ ಸಮೀಕರಣ ಹೇಳುತ್ತದೆ ಅಂತ ಇಟ್ಟುಕೊಳ್ಳಿ:

ತ³ − 3ತ + ಕ = 0

ಇದು ನಿಮ್ಮ ಕೆರೆಯನ್ನು ಅಳೆದು ಬರೆದ ಸಮೀಕರಣ ಅಲ್ಲ, ಜಿಗಿತ ಹೇಗೆ ಹುಟ್ಟುತ್ತದೆ ಅಂತ ತೋರಿಸುವ ಅತಿ ಸರಳ ಮಾದರಿ. ಕ = 0 ಅಂದರೆ ಕೊಳಚೆಯೇ ಇಲ್ಲ ಅಂತಲ್ಲ, ನಾವು ಲೆಕ್ಕ ಶುರು ಮಾಡುವ ಮಟ್ಟ; ಅದಕ್ಕಿಂತ ಚೊಕ್ಕಟವಾದರೆ ಕ ಋಣ ಸಂಖ್ಯೆ. ಕ = 0 ಇದ್ದಾಗ ಕೆರೆ ತ = 1.73ರಲ್ಲಿ ಇದೆ. ಕೊಳಚೆ ಹೆಚ್ಚಾಗಿ ಕ = 1 ಆಯಿತು, ತ = 1.53. ಅಷ್ಟೇನೂ ಇಳಿಯಲಿಲ್ಲ ಅಲ್ವಾ? ನಿಮ್ಮ ಹತ್ತು ವರ್ಷ ಇದೇ. ಕ = 1.9 ಆದಾಗ ತ = 1.18. ಕ = 2 ಆದಾಗ ತ = 1. ಇನ್ನೊಂದು ಕೂದಲೆಳೆಯಷ್ಟು ಕೊಳಚೆ ಸೇರಿದರೆ ಆ ಮೇಲಿನ ಬೇರು, ಅಂದರೆ ಸಮೀಕರಣದ ಆ ಉತ್ತರ, ಇಲ್ಲವೇ ಇಲ್ಲ. ಸಮೀಕರಣಕ್ಕೆ ಉಳಿಯುವ ಒಂದೇ ಉತ್ತರ ತ = −2ರ ಆಸುಪಾಸು. ಕೆರೆ 1ರಿಂದ −2ಕ್ಕೆ ಬೀಳುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಸಮೀಕರಣದಲ್ಲಿ ಎಲ್ಲೂ ಒಡಕಿಲ್ಲ, ಎಲ್ಲ ನುಣುಪಾಗಿದೆ. ಆದರೂ ಉತ್ತರ ಜಿಗಿಯುತ್ತದೆ. ನಾನು ಮೊದಲ ಸಲ ಇದನ್ನು ಬಿಡಿಸಿದಾಗ ಪೆನ್ನು ಕೆಳಗಿಟ್ಟು ಸುಮ್ನೆ ಕೂತಿದ್ದೆ.

ಈಗ ವಾಪಸ್ ಬನ್ನಿ. ಕ ಅನ್ನು 1.9ಕ್ಕೆ ಇಳಿಸಿ, 1ಕ್ಕೆ ಇಳಿಸಿ, ಸೊನ್ನೆಗೇ ಇಳಿಸಿ. ಕೆರೆ ಕೆಳಗಿನ ಬೇರಿನಲ್ಲೇ ಇರುತ್ತದೆ, ತ = −1.73. ಮೇಲಕ್ಕೆ ತಾನಾಗಿ ಜಿಗಿಯಬೇಕಾದರೆ ಕ = −2ರವರೆಗೆ ಹೋಗಬೇಕು. ಅಂದರೆ ಕೊಳಚೆಯನ್ನು ಕೆರೆ ಕೆಟ್ಟಾಗ ಇದ್ದ ಮಟ್ಟಕ್ಕೆ ಇಳಿಸಿದರೆ ಸಾಲದು, ನೀವು ಶುರು ಮಾಡಿದ್ದಕ್ಕಿಂತಲೂ ಎಷ್ಟೋ ಚೊಕ್ಕಟ ಆಗಬೇಕು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಇದಕ್ಕೆ ಹಿಸ್ಟರಿಸಿಸ್ ಅನ್ನುತ್ತಾರೆ.

ಇನ್ನು ನಿಮ್ಮ ಜೆಸಿಬಿ. ಬೇಸರ ಮಾಡಿಕೊಳ್ಳಬೇಡಿ, ಹೇಳಲೇಬೇಕು. ಕ = 1 ಇದ್ದಾಗ ಸಮೀಕರಣಕ್ಕೆ ಮೂರು ಬೇರು: 1.53, 0.35, −1.88. ನಡುವಿನದು ಬೆಟ್ಟದ ನೆತ್ತಿ ಇದ್ದ ಹಾಗೆ, ಅದರ ಎರಡೂ ಕಡೆ ಎರಡು ಹಳ್ಳ. ಮೇಲಿನ ಹಳ್ಳದಲ್ಲಿದ್ದ ಕೆರೆಯನ್ನು ಯಾರಾದರೂ ತಳ್ಳಿ 0.35ರ ಕೆಳಗೆ ಇಳಿಸಿದರೆ ಅದು ಆ ಕಡೆಯ ಹಳ್ಳಕ್ಕೆ ಉರುಳುತ್ತದೆ. ಕ = 0 ಇದ್ದಾಗ ನೆತ್ತಿ ದಾಟಲು 1.73ರಷ್ಟು ತಳ್ಳಬೇಕಿತ್ತು. ಕ = 1.9ರಲ್ಲಿ ನೆತ್ತಿ 0.81ಕ್ಕೆ ಬಂದಿರುತ್ತದೆ, 0.37ರಷ್ಟು ತಳ್ಳಿದರೆ ಸಾಕು. ಹತ್ತು ವರ್ಷದ ಕೊಳಚೆ ನೀರನ್ನು ಕೆಡಿಸಿರಲಿಲ್ಲ, ಹಳ್ಳವನ್ನು ಆಳ ಇಲ್ಲದ ಹಾಗೆ ಮಾಡಿತ್ತು. ಗಿಡ ಕಿತ್ತಿದ್ದು ಆ ಕೊನೆಯ ತಳ್ಳು ಇರಬಹುದು.

ಸಮೀಕರಣದಲ್ಲಿನ 3ರ ಜಾಗದಲ್ಲಿ ಬೇರೆ ಸಂಖ್ಯೆ ಹಾಕುತ್ತಾ ಹೋದರೆ ಜಿಗಿತ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ, ಸೊನ್ನೆಗೆ ಇಳಿಸಿದರೆ ಜಿಗಿತವೇ ಮಾಯ. ಎರಡನ್ನೂ ಬದಲಿಸಿ ಚಿತ್ರ ಬರೆದರೆ ಮಡಿಸಿದ ಪಂಚೆಯ ಹಾಗೆ ಒಂದು ಮೇಲ್ಮೈ ಬರುತ್ತದೆ, ಮಡಿಕೆಯ ಎರಡು ಅಂಚು ಒಂದು ಮೊನೆಯಲ್ಲಿ ಸೇರುತ್ತವೆ. ಅದನ್ನು ಕಸ್ಪ್ ಅನ್ನುತ್ತಾರೆ. ಫ್ರಾನ್ಸಿನ ಗಣಿತಜ್ಞ ರೆನೆ ಥಾಮ್ 1972ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಹೊರಗಿನಿಂದ ತಿರುಗಿಸುವ ಕೀಲಿಗಳು ನಾಲ್ಕಕ್ಕಿಂತ ಹೆಚ್ಚಿಲ್ಲದಿದ್ದರೆ, ಇಂಥ ಜಿಗಿತಗಳಿಗೆ ಮೂಲಭೂತವಾಗಿ ಏಳೇ ಆಕಾರ. ಆ ಗಣಿತಕ್ಕೆ ಕ್ಯಾಟಸ್ಟ್ರಫಿ ಥಿಯರಿ ಅಂತ ಹೆಸರು. ಇಲ್ಲಿ ಕ್ಯಾಟಸ್ಟ್ರಫಿ ಅಂದರೆ ಅನಾಹುತ ಅಲ್ಲ, ಜಿಗಿತ ಅಷ್ಟೇ.

ತಿಳಿನೀರು:

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಾನು ಕೆರೆ ನೀರಿನ ಪರೀಕ್ಷೆ ಮಾಡುವವಳು, ಸ್ವಲ್ಪ ತಡೆಯಿರಿ ಅನ್ನುತ್ತೇನೆ.

ಎರಡು ಹಳ್ಳ ನಿಜವಾಗಿ ಎಲ್ಲಿಂದ ಬರುತ್ತವೆ ಅಂತ ನೋಡಬೇಕು. ನೀರು ತಿಳಿಯಾಗಿದ್ದರೆ ಬಿಸಿಲು ತಳಕ್ಕೆ ಇಳಿಯುತ್ತದೆ, ಗಿಡ ಬೆಳೆಯುತ್ತವೆ. ಗಿಡ ಇದ್ದರೆ ಹೂಳು ಮೇಲೇಳುವುದಿಲ್ಲ, ಪಾಚಿ ತಿನ್ನುವ ಸಣ್ಣ ನೀರುಚಿಗಟಗಳಿಗೆ ಅಡಗಲು ಜಾಗ ಸಿಗುತ್ತದೆ, ಹಾಗಾಗಿ ನೀರು ಮತ್ತೂ ತಿಳಿ. ಇನ್ನೊಂದು ಕಡೆ, ಒಮ್ಮೆ ಪಾಚಿ ಮೇಲೆ ಕವಿದರೆ ತಳಕ್ಕೆ ಬೆಳಕಿಲ್ಲ, ಗಿಡ ಸಾಯುತ್ತವೆ, ಗಾಳಿ ಬೀಸಿದಾಗೆಲ್ಲ ಹೂಳು ಏಳುತ್ತದೆ, ತಳ ಕೆದಕುವ ಗೆಂಡೆ ಮೀನು ಇದ್ದರಂತೂ ಕೇಳುವುದೇ ಬೇಡ. ಎರಡೂ ಸ್ಥಿತಿ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ಆಳ ಕಡಿಮೆ ಇರುವ ಕೆರೆಗಳಲ್ಲಿ ಇದು ಹೀಗೆ ನಡೆಯುತ್ತದೆ ಅಂತ ನೆದರ್ಲೆಂಡ್ಸಿನ ಮಾರ್ಟೆನ್ ಶೆಫರ್ ಮತ್ತು ಜೊತೆಗಾರರು 1993ರಿಂದ ಬರೆಯುತ್ತಾ ಬಂದಿದ್ದಾರೆ. ಅಲ್ಲಿನ ವೆಲುವೆ ಸರೋವರ ಇದಕ್ಕೆ ಹೆಸರಾದ ಉದಾಹರಣೆ. 1960ರ ದಶಕದ ಕೊನೆ, 1970ರ ಶುರುವಿನಲ್ಲಿ ಅದರ ತಳದ ಗಿಡಗಳು ಹೋಗಿ ನೀರು ಬಗ್ಗಡವಾಯಿತು. ಕೊಳಚೆಯಲ್ಲಿ ಬಂದು ಪಾಚಿಗೆ ಗೊಬ್ಬರವಾಗುವ ಫಾಸ್ಫರಸ್ಸನ್ನು ಇಳಿಸುತ್ತಾ ಬಂದರೂ ಗಿಡಗಳು ಮರಳಿದ್ದು 1990ರ ದಶಕದಲ್ಲಿ, ಅದೂ ಕೆಟ್ಟಾಗ ಇದ್ದುದಕ್ಕಿಂತ ಎಷ್ಟೋ ಕಡಿಮೆ ಫಾಸ್ಫರಸ್ ಮಟ್ಟದಲ್ಲಿ. ತಳ ಕೆದಕುವ ಬ್ರೀಮ್ ಮೀನನ್ನು ಹಿಡಿದು ತೆಗೆದದ್ದೂ ಸಹಾಯ ಮಾಡಿತು.

ಈಗ ನನ್ನ ತಕರಾರು. ನಿಮ್ಮ ಕೆರೆಯಲ್ಲಿ ಕ ನಿಜವಾಗಿ ಇಳಿದಿದೆಯಾ? ಕೊಳಚೆ ಪೈಪ್ ತಿರುಗಿಸಿದ ಮಾತ್ರಕ್ಕೆ ಫಾಸ್ಫರಸ್ ಹೋಗುವುದಿಲ್ಲ. ಹತ್ತು ವರ್ಷ ಬಂದದ್ದರಲ್ಲಿ ದೊಡ್ಡ ಪಾಲು ಹೂಳಿನಲ್ಲಿ ಕೂತಿದೆ. ತಳದಲ್ಲಿ ಆಮ್ಲಜನಕ ಮುಗಿದಾಗ, ಕಬ್ಬಿಣಕ್ಕೆ ಅಂಟಿದ್ದ ಫಾಸ್ಫರಸ್ ಬಿಟ್ಟುಕೊಂಡು ಮತ್ತೆ ನೀರಿಗೆ ಬರುತ್ತದೆ. ಅಂದರೆ ಹೊರಗಿನ ನಲ್ಲಿ ಮುಚ್ಚಿದ್ದೀರಿ, ಒಳಗಿನ ನಲ್ಲಿ ತೆರೆದೇ ಇದೆ. ಹಾಗಿದ್ದರೆ ಇದು ಹಿಸ್ಟರಿಸಿಸ್ಸೇ ಅಲ್ಲ, ಕೊಳಚೆ ಇನ್ನೂ ನಿಂತಿಲ್ಲ ಅಷ್ಟೇ. ಎರಡೂ ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ ಬೇರೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ನೀರಿನ ಒಟ್ಟು ಫಾಸ್ಫರಸ್ ಪರೀಕ್ಷೆ ಮಾಡಿಸಿ, ಒಂದು ಸಲ ಅಲ್ಲ, ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ. ಸಂಖ್ಯೆ ಇನ್ನೂ ಮೇಲೇ ಇದ್ದರೆ ಹೂಳಿನ ಕಡೆ ನೋಡಿ. ಚೆನ್ನಾಗಿ ಇಳಿದಿದ್ದರೂ ನೀರು ಬಗ್ಗಡವೇ ಅಂದರೆ, ಆಗ ಮೇಷ್ಟ್ರ ಎರಡು ಹಳ್ಳದ ಮಾತಿಗೆ ತೂಕ ಬರುತ್ತದೆ.

ಗಿಡ ಕಿತ್ತಿದ್ದರ ಬಗ್ಗೆ ಒಂದು ಮಾತು. ಮೇಲೆ ತೇಲುವ ಅಂತರಗಂಗೆಯಂಥದ್ದನ್ನು ತೆಗೆಯುವುದು ಬೇರೆ, ಅದು ಬೆಳಕನ್ನೇ ಮುಚ್ಚುತ್ತದೆ. ನೀರೊಳಗೆ ಬೇರು ಬಿಟ್ಟು ಬೆಳೆಯುವ, ಮೀನಿನ ತೊಟ್ಟಿಗೆ ಹಾಕುವ ಹೈಡ್ರಿಲ್ಲಾದಂಥ ಗಿಡ ಬೇರೆ. ಕೆರೆ ಸ್ವಚ್ಛ ಮಾಡುವಾಗ ಎರಡನ್ನೂ ಕಳೆ ಅಂತಲೇ ಕರೆದು ಒಟ್ಟಿಗೆ ಎಳೆದು ಹಾಕುತ್ತಾರೆ. ನಿಮ್ಮ ತಪ್ಪಲ್ಲ, ಯಾರೂ ಹೇಳಿಕೊಡುವುದಿಲ್ಲ.

ಕೆರೆಯೇರಿ:

ಇಬ್ಬರಿಗೂ ತುಂಬ ಧನ್ಯವಾದ. ಗಿಡ ಕೀಳುವ ದಿನ ನಾನೇ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ. ಆ ಫೋಟೋದಲ್ಲಿ ಹಿಂದೆ ಕಾಣುವ ನೀರು ತಿಳಿಯಾಗಿದೆ. ಇವತ್ತು ಅದನ್ನು ತೆಗೆದು ತುಂಬ ಹೊತ್ತು ನೋಡಿದೆ.

ಎರಡು ಪ್ರಶ್ನೆ. ಒಂದು, ಈ ಕ್ಯಾಟಸ್ಟ್ರಫಿ ಥಿಯರಿ ಬಿದ್ದುಹೋದ ಸಿದ್ಧಾಂತ ಅಂತ ನಮ್ಮ ಕಾಲೇಜಿನಲ್ಲಿ ಒಬ್ಬರು ಮೇಷ್ಟ್ರು ಹೇಳಿದ್ದು ನೆನಪು. ನಿಜವಾ? ಎರಡು, ಬೀಳುವುದಕ್ಕೆ ಮುಂಚೆ ಗೊತ್ತುಮಾಡಿಕೊಳ್ಳಲು ಆಗುತ್ತದಾ? ಪಕ್ಕದೂರಿನ ಕೆರೆ ಇನ್ನೂ ತಿಳಿಯಾಗಿದೆ, ಅಲ್ಲೂ ಮೇಲ್ಗಡೆ ಮನೆ ಏಳುತ್ತಿವೆ.

ಹಳೇಪುಸ್ತಕ:

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಸಿದ್ಧಾಂತ ಬೀಳಲಿಲ್ಲ, ಅದನ್ನು ಎಲ್ಲೆಂದರಲ್ಲಿ ಹಚ್ಚಿದ್ದು ಬಿತ್ತು.

ಥಾಮ್ ಸಾಮಾನ್ಯರಲ್ಲ, ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು 1958ರಲ್ಲೇ ಪಡೆದವರು. ಅವರ ಪುಸ್ತಕ ಓದುವುದು ಬಹಳ ಕಷ್ಟ, ಅರ್ಧ ಗಣಿತ, ಅರ್ಧ ದರ್ಶನ. ಅದನ್ನು ಜನರ ಬಳಿಗೆ ತಂದವರು ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಝೀಮನ್. ಅವರ ನಾಯಿಯ ಉದಾಹರಣೆ ತುಂಬ ಪ್ರಸಿದ್ಧ. ನಾಯಿಗೆ ಸಿಟ್ಟು ಒಂದು ಕೀಲಿ, ಭಯ ಇನ್ನೊಂದು. ಬರೀ ಸಿಟ್ಟು ಇದ್ದರೆ ಕಚ್ಚುತ್ತದೆ, ಬರೀ ಭಯ ಇದ್ದರೆ ಓಡುತ್ತದೆ. ಎರಡೂ ಜೋರಾಗಿದ್ದರೆ? ಎರಡೂ ಕಳೆದು ಸುಮ್ಮನೆ ನಿಲ್ಲುವುದಿಲ್ಲ. ಹಿಂದೆ ಸರಿಯುತ್ತಿದ್ದ ನಾಯಿ ತಟ್ಟನೆ ಮೈಮೇಲೆ ಬೀಳುತ್ತದೆ, ಮೈಮೇಲೆ ಬರುತ್ತಿದ್ದದ್ದು ತಟ್ಟನೆ ಓಡುತ್ತದೆ. ಬೀದಿಯಲ್ಲಿ ರಾತ್ರಿ ನಡೆದವರಿಗೆ ಇದು ಗೊತ್ತು. 1976ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ಲೇಖನ ಬಂದ ಮೇಲಂತೂ ಎಲ್ಲರ ಬಾಯಲ್ಲೂ ಕಸ್ಪ್. ಷೇರು ಪೇಟೆ ಕುಸಿತಕ್ಕೆ, ಇಂಗ್ಲೆಂಡಿನ ಗಾರ್ಟ್ರಿ ಜೈಲಿನ 1972ರ ಗಲಭೆಗೆ, ಎಲ್ಲಕ್ಕೂ ಇದೇ ಮಡಿಕೆ.

1977ರಲ್ಲಿ ಝಾಹ್ಲರ್ ಮತ್ತು ಸುಸ್‌ಮನ್ ಅನ್ನುವ ಇಬ್ಬರು ನೇಚರ್ ಪತ್ರಿಕೆಯಲ್ಲಿ ಕಟುವಾಗಿ ಬರೆದರು. ಕೈದಿಗಳ ಅಸಮಾಧಾನವನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತೀರಿ? ಅಳೆಯಲಾಗದ್ದಕ್ಕೆ ಆಕಾರ ಕೊಟ್ಟರೆ ಅದು ವಿವರಣೆ ಆಗುತ್ತದಾ? ಈ ಟೀಕೆ ನನ್ನ ಪ್ರಕಾರ ಬಹುಮಟ್ಟಿಗೆ ನ್ಯಾಯವಾದದ್ದು. ಥಾಮ್ ಅವರ ಪ್ರಮೇಯಕ್ಕೆ ಷರತ್ತುಗಳಿವೆ, ವ್ಯವಸ್ಥೆ ಯಾವಾಗಲೂ ಹಳ್ಳದ ತಳ ಹುಡುಕುವಂಥದ್ದಾಗಿರಬೇಕು. ಜೈಲು ಹಾಗಿದೆ ಅಂತ ಯಾರು ಹೇಳಿದರು?

ಆದರೆ ಒಳಗಿನ ಯಂತ್ರ ಗೊತ್ತಿರುವ ಕಡೆ ಈ ಗಣಿತ ಗಟ್ಟಿಯಾಗಿ ನಿಂತಿದೆ. ಒತ್ತಿದ ಕಂಬ ಬಾಗುವುದು ಒಂದು, ಅದರ ಲೆಕ್ಕವನ್ನು ಆಯ್ಲರ್ 1744ರಲ್ಲೇ ಮಾಡಿದ್ದರು. ಬೆಳಕು ಇನ್ನೊಂದು. ನಾಳೆ ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಕಾಫಿ ಹಾಕಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ. ಕಾಫಿಯ ಮೇಲೆ ಬೆಳಕಿನ ಎರಡು ಬಾಗಿದ ಗೆರೆ ಬಂದು ಒಂದು ಚೂಪು ಮೊನೆಯಲ್ಲಿ ಸೇರುತ್ತವೆ. ಅದೇ ಕಸ್ಪ್, ಮೇಷ್ಟ್ರು ಹೇಳಿದ ಪಂಚೆಯ ಮಡಿಕೆಯ ಮೊನೆ. ಬ್ರಿಸ್ಟಲ್‌ನ ಭೌತವಿಜ್ಞಾನಿ ಮೈಕಲ್ ಬೆರ್ರಿ 1970ರ ದಶಕದಿಂದ ಇದರ ಮೇಲೆ ಮಾಡಿದ ಕೆಲಸವನ್ನು ಇವತ್ತಿಗೂ ಯಾರೂ ಅಲ್ಲಗಳೆದಿಲ್ಲ. 1978ರಲ್ಲಿ ಲಡ್ವಿಗ್, ಜೋನ್ಸ್, ಹೋಲಿಂಗ್ ಮೂವರು ಕೆನಡಾದ ಸ್ಪ್ರೂಸ್ ಕಾಡಿನ ಮೊಗ್ಗುಹುಳದ ಬಗ್ಗೆ ಬರೆದ ಮಾದರಿಯೂ ಹೀಗೇ. ಹುಳ ವರ್ಷಗಟ್ಟಲೆ ಲೆಕ್ಕಕ್ಕೇ ಇರುವುದಿಲ್ಲ, ಮರದ ಎಲೆ ದಟ್ಟವಾದಂತೆ ಹಕ್ಕಿಗಳ ಹತೋಟಿ ತಪ್ಪುತ್ತದೆ, ಆಮೇಲೆ ಒಮ್ಮೆಲೇ ಕಾಡನ್ನೇ ಬೋಳಿಸುತ್ತದೆ. ಅಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದರಿಂದ ಸಮೀಕರಣ ಹುಟ್ಟಿತು, ಆಕಾರ ಆಮೇಲೆ ಬಂತು. ಝೀಮನ್ ಜೈಲಿನಲ್ಲಿ ಆಕಾರ ಮೊದಲು ಬಂದಿತ್ತು. ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡ ವ್ಯತ್ಯಾಸ.

ಲೆಕ್ಕದಮೇಷ್ಟ್ರು:

ಹಳೇಪುಸ್ತಕದವರ ಕೊನೆಯ ಮಾತನ್ನು ಒಪ್ಪುತ್ತೇನೆ. ನಾನೂ ಮೇಲೆ ಆಕಾರವನ್ನೇ ಮೊದಲು ಇಟ್ಟೆ, ತಿಳಿನೀರು ಅವರು ಯಂತ್ರ ಹೇಳಿದ ಮೇಲೆ ಅದಕ್ಕೆ ಅರ್ಥ ಬಂತು.

ಎರಡನೇ ಪ್ರಶ್ನೆಗೆ ಅದೇ ಸಮೀಕರಣದಲ್ಲಿ ಉತ್ತರ ಇದೆ. ಕೆರೆಯನ್ನು ಸ್ವಲ್ಪ ಅಲುಗಿಸಿ ಬಿಟ್ಟರೆ ಎಷ್ಟು ಬೇಗ ತನ್ನ ಜಾಗಕ್ಕೆ ಮರಳುತ್ತದೆ? ಆ ವೇಗ 3ತ² − 3. ಕ = 0 ಇದ್ದಾಗ ವೇಗ 6. ಕ = 1ರಲ್ಲಿ ಸುಮಾರು 4. ಕ = 1.9ರಲ್ಲಿ 1.2ಕ್ಕಿಂತ ಕಡಿಮೆ. ಕ = 2ರಲ್ಲಿ ಸೊನ್ನೆ. ನೀರಿನ ಬಣ್ಣ ನೋಡಿದರೆ ಏನೂ ಗೊತ್ತಾಗದ ಹೊತ್ತಿನಲ್ಲೂ ಚೇತರಿಸಿಕೊಳ್ಳುವ ಶಕ್ತಿ ಐದನೇ ಒಂದು ಪಾಲಿಗೆ ಇಳಿದಿರುತ್ತದೆ. ಜ್ವರ ಬಂದು ಹೋದ ಮೇಲೆ ಮೊದಲು ಎರಡು ದಿನಕ್ಕೆ ಎದ್ದು ಓಡಾಡುತ್ತಿದ್ದ ಅಜ್ಜ ಈಗ ಹದಿನೈದು ದಿನ ಮಲಗುತ್ತಾನೆ ಅಂದರೆ ಮನೆಯವರು ಯೋಚನೆ ಮಾಡುವುದಿಲ್ಲವಾ, ಹಾಗೆ.

ಇದನ್ನು ನಿಜವಾದ ಕೆರೆಯಲ್ಲಿ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಪೀಟರ್ ಸರೋವರಕ್ಕೆ ಸ್ಟೀಫನ್ ಕಾರ್ಪೆಂಟರ್ ಮತ್ತು ತಂಡ ಸಣ್ಣ ಮೀನು ತಿನ್ನುವ ದೊಡ್ಡ ಬಾಸ್ ಮೀನನ್ನು ನಿಧಾನವಾಗಿ ಸೇರಿಸುತ್ತಾ ಹೋಗಿ ಇಡೀ ಆಹಾರ ಸರಪಳಿಯನ್ನೇ ಮಗುಚಿದರು, ಪಕ್ಕದ ಪಾಲ್ ಸರೋವರವನ್ನು ಮುಟ್ಟದೆ ಹೋಲಿಕೆಗೆ ಇಟ್ಟುಕೊಂಡರು. ಮಗುಚುವುದು ಪೂರ್ತಿಯಾಗುವ ಒಂದು ವರ್ಷಕ್ಕೂ ಮುಂಚೆಯೇ ಪಾಚಿಯ ಅಳತೆಗಳಲ್ಲಿ ಎಚ್ಚರಿಕೆಯ ಗುರುತು ಕಂಡಿತು. 2011ರಲ್ಲಿ ಇದು ಪ್ರಕಟವಾಯಿತು. ಆದರೆ ಅವರ ಬಳಿ ದಿನದಿನದ ಅಳತೆ ಇತ್ತು. ವರ್ಷಕ್ಕೊಂದು ಸಲ ನೀರು ತೆಗೆದು ನೋಡಿದರೆ ಇದು ಸಿಗುವುದಿಲ್ಲ.

ಮಲೆನಾಡಹುಡುಗಿ:

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಜಿಗಿತವನ್ನು ಕಣ್ಣಿಗೆ ತೋರಿಸುವ ಝೀಮನ್ ಅವರ ಒಂದು ಯಂತ್ರ ಇದೆ, ನಮ್ಮ ಮಕ್ಕಳ ಹತ್ತಿರ ಮಾಡಿಸಿದ್ದೇನೆ, ಖರ್ಚೇ ಇಲ್ಲ. 6 ಸೆಂಟಿಮೀಟರ್ ಅಗಲದ ದಪ್ಪ ರಟ್ಟಿನ ಬಿಲ್ಲೆ ಕತ್ತರಿಸಿ, ನಡುವೆ ಮೊಳೆ ಹೊಡೆದು ಹಲಗೆಯ ಮೇಲೆ ಸಲೀಸಾಗಿ ತಿರುಗುವ ಹಾಗೆ ಕೂರಿಸಿ. ಬಿಲ್ಲೆಯ ಅಂಚಿನಲ್ಲಿ ಒಂದೇ ಜಾಗಕ್ಕೆ ಎರಡು ರಬ್ಬರ್ ಬ್ಯಾಂಡ್ ಕಟ್ಟಿ, ಎಳೆಯದೆ ಇದ್ದಾಗ ಒಂದೊಂದೂ 6 ಸೆಂಟಿಮೀಟರ್ ಉದ್ದ ಇರಲಿ. ಒಂದರ ತುದಿಯನ್ನು ನಡುವಿನ ಮೊಳೆಯಿಂದ 12 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಮೊಳೆಗೆ ಸಿಕ್ಕಿಸಿ. ಮತ್ತೊಂದರ ತುದಿಯನ್ನು ಪೆನ್ಸಿಲಿಗೆ ಸಿಕ್ಕಿಸಿ ಎದುರು ಕಡೆ ಎಳೆದು ಹಿಡಿಯಿರಿ.

ಈಗ ಪೆನ್ಸಿಲನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಒಯ್ಯಿರಿ. ಬಿಲ್ಲೆ ಮೆಲ್ಲಗೆ ತಿರುಗುತ್ತಾ ಇದ್ದು ಒಂದು ಕಡೆ ಟಪ್ ಅಂತ ಹಾರುತ್ತದೆ. ಅಲ್ಲೊಂದು ಚುಕ್ಕೆ ಇಡಿ. ವಾಪಸ್ ತನ್ನಿ, ಅದೇ ಚುಕ್ಕೆಯಲ್ಲಿ ಹಾರುವುದಿಲ್ಲ, ಇನ್ನೂ ಮುಂದೆ ಹೋಗಿ ಹಾರುತ್ತದೆ. ಅಲ್ಲೊಂದು ಚುಕ್ಕೆ. ಹೀಗೆ ಚುಕ್ಕೆ ಸೇರಿಸಿದರೆ ಬದಿ ಒಳಕ್ಕೆ ಬಾಗಿದ ಗಾಳಿಪಟದ ಆಕಾರ ಬರುತ್ತದೆ, ನಡುಗೆರೆಯ ಮೇಲೆ ಅದರ ಎರಡು ಮೊನೆ ಮೊಳೆಯಿಂದ ಸುಮಾರು ಎಂಟೂವರೆ ಮತ್ತು ಹದಿನಾಲ್ಕೂವರೆ ಸೆಂಟಿಮೀಟರ್ ದೂರದಲ್ಲಿ. ಒಬ್ಬ ಹುಡುಗ ಚುಕ್ಕೆಯ ಹತ್ತಿರ ಪೆನ್ಸಿಲ್ ಹಿಡಿದು ಬೆರಳಿನಿಂದ ಬಿಲ್ಲೆಯನ್ನು ಸ್ವಲ್ಪವೇ ತಟ್ಟಿ, ಟೀಚರ್ ಇಲ್ಲಿ ಅದು ಓಲಾಡಿಕೊಂಡು ನಿಧಾನವಾಗಿ ನಿಲ್ಲುತ್ತದೆ ಅಂದ. ಮೇಷ್ಟ್ರು ಈಗ ಬರೆದದ್ದನ್ನು ಅವನೇ ಕಂಡುಹಿಡಿದಿದ್ದ.

ತಿಳಿನೀರು:

ಕೆರೆಯೇರಿ ಅವರಿಗೆ ಕೊನೆಯದಾಗಿ, ಇದು ಕೆಲಸದ ಮಾತು. ಮೇಷ್ಟ್ರ ಲೆಕ್ಕದಲ್ಲೇ ನೋಡಿ, ಕ = 1 ಇದ್ದಾಗ ಕೆಳಗಿನ ಹಳ್ಳದಿಂದ ನೆತ್ತಿ ದಾಟಲು 2.2ರಷ್ಟು ತಳ್ಳಬೇಕು. ಕ = −1 ಆದಾಗ 1.2 ಸಾಕು. ಅಂದರೆ ಫಾಸ್ಫರಸ್ ಇಳಿಸದೆ ಸುಮ್ನೆ ಮೀನು ಹಿಡಿದು, ಗಿಡ ನೆಟ್ಟರೆ ಮತ್ತೆ ಜಾರುತ್ತದೆ. ಬರೀ ಫಾಸ್ಫರಸ್ ಇಳಿಸುತ್ತಾ ಕಾದರೆ ಒಂದು ತಲೆಮಾರೇ ಹೋಗಬಹುದು. ಮೊದಲು ಇಳಿಸಿ, ಇಳಿದ ಮೇಲೆ ತಳ್ಳಿ. ತಳ್ಳುವುದು ಅಂದರೆ ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಹೂಳೆತ್ತುವುದು, ಗೆಂಡೆ ಮೀನು ತೆಗೆಯುವುದು, ಮತ್ತೆ ಬಿಡದಿರುವುದು, ದಡದ ಒಂದು ಮೂಲೆಗೆ ಬಲೆ ಕಟ್ಟಿ ಒಳಗಿನ ಗಿಡ ಬೆಳೆಸುವುದು.

ಒಂದು ಎಚ್ಚರ. ಯೂರೋಪಿನ ಪಾಠ ಪೂರ್ತಿ ನಮಗೆ ಹೊಂದುವುದಿಲ್ಲ. ಬಿಸಿ ದೇಶದ ಕೆರೆಗಳಲ್ಲಿ ಸಣ್ಣ ಮೀನು ವರ್ಷವಿಡೀ ಮರಿ ಹಾಕಿ ನೀರುಚಿಗಟಗಳನ್ನು ಮುಗಿಸಿಬಿಡುತ್ತವೆ, ಹಾಗಾಗಿ ಮೀನು ತೆಗೆದದ್ದರ ಫಲ ಅಲ್ಲಿನಷ್ಟು ದಿನ ನಿಲ್ಲುವುದಿಲ್ಲ. ನಮ್ಮಲ್ಲಿ ಹೂಳು ಮತ್ತು ಗಿಡದ ಕಡೆ ಜಾಸ್ತಿ ಗಮನ ಕೊಡಿ. ಮೀನು ಗುತ್ತಿಗೆ ಹಿಡಿದವರ ಹೊಟ್ಟೆಪಾಡೂ ಇದರಲ್ಲಿದೆ, ಅವರನ್ನು ಕೂರಿಸಿಕೊಂಡೇ ಮಾತಾಡಿ.

ಕೆರೆಯೇರಿ:

ಸರಿ ಮೇಡಂ. ಈ ವಾರ ಮೂರು ಬಾಟಲಿ ನೀರು ಪರೀಕ್ಷೆಗೆ ಕಳಿಸುತ್ತೇನೆ, ಮಳೆ ಶುರುವಾದ ಮೇಲೆ ಮತ್ತೆ ಮೂರು. ಪಕ್ಕದೂರಿನ ಕೆರೆಗೆ ಸೆಕ್ಕಿ ಬಿಲ್ಲೆ ಮಾಡಿಸಿದೆ. 20 ಸೆಂಟಿಮೀಟರ್ ಅಗಲದ ತಗಡು, ಕಪ್ಪು ಬಿಳುಪು ನಾಲ್ಕು ಭಾಗ, ಹಗ್ಗದ ಮೇಲೆ ಹತ್ತು ಹತ್ತು ಸೆಂಟಿಮೀಟರಿಗೆ ಗಂಟು. ನೀರಿಗೆ ಇಳಿಬಿಟ್ಟು ಎಷ್ಟು ಆಳದಲ್ಲಿ ಕಾಣದಾಗುತ್ತದೆ ಅಂತ ಬರೆದುಕೊಳ್ಳುವುದು. ಅಲ್ಲಿನ ಇಬ್ಬರು ಹುಡುಗರು ದಿನಾ ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಬರುವಾಗ ಅಳೆಯುತ್ತೇವೆ ಅಂದಿದ್ದಾರೆ. ದೊಡ್ಡ ಮಳೆ ಬಂದು ನೀರು ಕಲಕಿದ ಮೇಲೆ ಮತ್ತೆ ತಿಳಿಯಾಗಲು ಎಷ್ಟು ದಿನ ಹಿಡಿಯುತ್ತದೆ ಅಂತ ನೋಡಬೇಕು, ಅಷ್ಟೇ ಅಲ್ವಾ ಮೇಷ್ಟ್ರೇ? ಅಲ್ಲಿ ಮುಂದಿನ ತಿಂಗಳು ಕೆರೆ ಸ್ವಚ್ಛತೆ ಇಟ್ಟುಕೊಂಡಿದ್ದಾರಂತೆ. ಒಳಗಿನ ಗಿಡ ಮುಟ್ಟಬೇಡಿ ಅಂತ ಹೇಳಿ ಬರಲು ನಾಳೆಯೇ ಹೋಗುತ್ತೇನೆ, ಆ ಫೋಟೋ ಜೊತೆಗೆ.